ಅಕ್ಕ ನುಂಗಿದ ಗುಳಿಗೆಗಳು

ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದು ಮೊದಲು ಹೇಳಿದವಳು ನಾನು. ಬೇರೆ ಯಾರಾದರೂ ಹೇಳಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳು. ಇಳಕಲ್ಲಿನ ಆ ಓಣಿಯಲ್ಲಿ ಬಾಯಿ ಜೋರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ನಾನು ಹೇಳಿದ್ದರಿಂದ ಸುಮ್ಮನಾದಳು. ಅವಳು ಸುಮ್ಮನಾದ ಆ ಗಳಿಗೆ ಮೂರು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ.

ಬಾಗಲಕೋಟೆಯ ನವನಗರದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಸುತ್ತಲಿನ ದವಾಖಾನೆಗಳಿಂದ ಕೀವು, ಕಫ, ಮೂತ್ರ ಬರುತ್ತವೆ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿ ಹೀರಿಸಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತೇನೆ. ಮರುದಿನ ಯಾವ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಬಿದ್ದಿರುತ್ತದೋ ಆ ಔಷಧಿ ಕೆಲಸ ಮಾಡುತ್ತದೆ ಎಂದರ್ಥ. ವೃತ್ತ ಅಳೆದು ರಿಪೋರ್ಟಿನಲ್ಲಿ ಆ ಔಷಧಿಯ ಮುಂದೆ ‘ಎಸ್’ ಎಂದು ಬರೆಯುತ್ತೇನೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದ್ದರೆ ‘ಆರ್’. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಿಪೋರ್ಟಿನಲ್ಲಿ ಒಂದೋ ಎರಡೋ ‘ಆರ್’ ಇರುತ್ತಿದ್ದವು. ಈಗ ಶಿರೂರಿನಿಂದ ಬಂದ ಸಾಧಾರಣ ಉರಿಮೂತ್ರದ ರಿಪೋರ್ಟಿನಲ್ಲೂ ಮೇಲಿಂದ ಕೆಳಗೆ ‘ಆರ್’ ಸಾಲುಗಟ್ಟಿ ನಿಂತಿರುತ್ತವೆ.

ಅದಕ್ಕೇ ಗುಳಿಗೆ ಅರ್ಧಕ್ಕೆ ಬಿಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ಎರಡು ದಿನ ನುಂಗಿ, ಜ್ವರ ಇಳಿದ ಕೂಡಲೇ ಉಳಿದದ್ದನ್ನು ನೆರೆಮನೆಯವರಿಗೆ ಕೊಡುವವರು ನಮ್ಮ ಬಳಗದಲ್ಲೇ ಬೇಕಾದಷ್ಟು ಜನ. ಮದುವೆ, ತೊಟ್ಟಿಲು, ಎಲ್ಲಿ ಹೋದರೂ ಯಾರನ್ನಾದರೂ ಹಿಡಿದು ನಾನು ಭಾಷಣ ಮಾಡುತ್ತಿದ್ದೆ. ಅಕ್ಕ ನಗುತ್ತಿದ್ದಳು. “ನಮ್ಮ ತಂಗಿ ಬಾಗಲಕೋಟ್ಯಾಗ ಹುಳಾ ಸಾಕ್ತಾಳ್ರಿ. ಮನ್ಯಾಗಿನ ಮಂದೀನ ಬಿಟ್ಟು ಅವುಕ್ಕ ಬೈತಿದ್ರ ಭಾಳ ಚೊಲೊ ಆಗ್ತಿತ್ತು” ಎನ್ನುತ್ತಿದ್ದಳು.

ಅಕ್ಕ ಹುಟ್ಟಿದ್ದು ನೇಕಾರರ ಮನೆಯಲ್ಲಿ, ಕೊಟ್ಟದ್ದೂ ನೇಕಾರರ ಮನೆಗೆ. ಅವರ ಪಡಸಾಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಅವಳ ಕಾಲು ಅವಳ ಕೈಗಿಂತ ಬೆಲೆಯುಳ್ಳದ್ದು. ಅಂಥ ಕಾಲು ಮುರಿದದ್ದು ಬಾದಾಮಿಯಲ್ಲಿ. ಬೀಗರ ಮನೆಯ ಬಸುರಿಯ ಕುಬಸಕ್ಕೆ ಇಬ್ಬರೂ ಹೋಗಿದ್ದೆವು. ಊಟವಾದ ಮೇಲೆ ಹೊಂಡದ ಕಡೆ ಹೋಗಿ ಬರೋಣ ಎಂದವಳು ನಾನೇ. ಯಾರೋ ಬಟ್ಟೆ ಒಗೆದು ಹೋಗಿದ್ದ ಮೆಟ್ಟಿಲ ಮೇಲೆ ಸಾಬೂನಿನ ನೀರು ಹಾಗೇ ನಿಂತಿತ್ತು. ಅವಳು ಜಾರಿದ್ದನ್ನು ನಾನು ನೋಡಲಿಲ್ಲ, ಸಪ್ಪಳ ಕೇಳಿದೆ. ಬಲಗಾಲಿನ ಮೊಳಕಾಲ ಕೆಳಗಿನ ಎಲುಬು ಎರಡು ತುಂಡಾಗಿತ್ತು.

ಬಾಗಲಕೋಟೆಯಲ್ಲೇ ಆಪರೇಷನ್ ಆಯಿತು. ಎಲುಬಿಗೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ನಾಲ್ಕು ತಿಂಗಳಿಗೆ ಅಕ್ಕ ಕೋಲು ಬಿಟ್ಟು ನಡೆದಳು, ಐದಕ್ಕೆ ಮಗ್ಗಕ್ಕೆ ಕೂತಳು. “ಇನ್ನ ನಾ ಸತ್ತ್ರ ಗುಜರಿಯವನೂ ಬರ್ತಾನ ನೋಡ” ಎಂದು ಚಾಷ್ಟಿ ಮಾಡುತ್ತಿದ್ದಳು.

ಆಮೇಲೆ ಹೊಲಿಗೆಯ ಗುರುತಿನ ಕೆಳತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಾಯಿ ತೆರೆಯಿತು. ನೋವಿಲ್ಲ, ಜ್ವರವಿಲ್ಲ. ಒಂದೆರಡು ಹನಿ ಒಸರುತ್ತಿತ್ತು, ಒಣಗುತ್ತಿತ್ತು, ಮತ್ತೆ ಒಸರುತ್ತಿತ್ತು. ಸರ್ಜನ್ ಗಾಯ ಬಿಡಿಸಿ ತೊಳೆದರು. ಎಲುಬು ಇನ್ನೂ ಪೂರ್ತಿ ಕೂಡಿರಲಿಲ್ಲವಾದ್ದರಿಂದ ಪಟ್ಟಿಯನ್ನು ಹಾಗೇ ಬಿಟ್ಟರು. ಕೀವು ನಮ್ಮ ಲ್ಯಾಬಿಗೆ ಬಂತು, ನನ್ನ ಮೇಜಿಗೇ ಬಂತು. ಬೆಳೆಸಿದೆ. ಬಿಲ್ಲೆಗಳ ಸುತ್ತ ಅಷ್ಟು ಅಗಲವಾದ, ಸ್ವಚ್ಛವಾದ ವೃತ್ತಗಳನ್ನು ನೋಡಿ ಎಷ್ಟೋ ದಿನವಾಗಿತ್ತು. ‘ಎಸ್’, ‘ಎಸ್’, ‘ಎಸ್’. ಕುಣಿಯುವಷ್ಟು ಖುಷಿಯಾಯಿತು. ಆಗಲೇ ಫೋನ್ ಮಾಡಿದೆ.

“ಅಕ್ಕಾ, ಚಿಂತಿ ಬಿಡು. ಇದು ಗುಳಿಗಿಗೆ ಬಗ್ಗೂ ಹುಳ. ಮುಂಜಾನೆ ಒಂದು, ಸಂಜಿಗೆ ಒಂದು, ಆರು ವಾರ. ಒಂದೂ ತಪ್ಪಸಬ್ಯಾಡ, ಸಾಕು.”

“ನಿನ್ನ ಹುಳದ ಮ್ಯಾಲೆ ನಿನಗ ಅಷ್ಟ ನಂಬಿಗಿ ಇದ್ರ ನನಗೂ ಐತೇಳವಾ” ಎಂದಳು.

ಆರು ವಾರ ಮುಗಿಯುವ ಹೊತ್ತಿಗೆ ಗಾಯದ ಬಾಯಿ ಮುಚ್ಚಿರಲಿಲ್ಲ, ದೊಡ್ಡದಾಗಿತ್ತು. ಭಾವ ಫೋನಿನಲ್ಲಿ ಹೇಳಿದಾಗ ನನಗೆ ಹೊಳೆದದ್ದು ಒಂದೇ ವಿಚಾರ. ‘ಎಸ್’ ಎಂದು ನಾನೇ ಬರೆದಿದ್ದೇನೆ. ಔಷಧಿ ಹೊಟ್ಟೆಗೆ ಹೋಗಿದ್ದರೆ ಗಾಯ ಮಾಯಲೇಬೇಕು. ಮಾಯಲಿಲ್ಲ ಎಂದರೆ ಹೋಗಿಲ್ಲ. ಭಾನುವಾರ ಮುಂಜಾನೆ ಬಸ್ಸು ಹತ್ತಿದೆ. ಅಮೀನಗಡ ದಾಟಿ ಹುನಗುಂದ ಬರುವವರೆಗೂ ಅವಳಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದೆ.

ಅಕ್ಕ ಒಳಗೆ ಚಹಾ ಇಡುತ್ತಿದ್ದಳು. ನಾನು ಸಕ್ಕರೆಗೆ ಕೈ ಹಾಕಿ, ಅದರ ಪಕ್ಕದ ಡಬ್ಬಿ ತೆರೆದೆ. ತುಂಬ ಗುಳಿಗೆ. ಕತ್ತರಿಸಿದ ಪಟ್ಟಿಗಳು, ಅರ್ಧರ್ಧ ಖಾಲಿಯಾದವು. ಅವುಗಳ ನಡುವೆ ಆರು ವಾರಕ್ಕೆಂದು ಬರೆದುಕೊಟ್ಟ ಆ ಗುಳಿಗೆಯದೇ ಒಂದು ಪಟ್ಟಿ, ನಾಲ್ಕು ಹಾಗೇ ಉಳಿದಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ಕಂಡೆ, ಅಷ್ಟಕ್ಕೇ ಬಿಟ್ಟೆ.

“ಇದೇನಿದು? ಇದೇನಂತ ಕೇಳಾಕತ್ತೇನಿ.”

“ಅವು ನನ್ನವಲ್ಲವಾ. ಓಣ್ಯಾಗಿನ ಮಂದೀವು. ಉಳದ ಗುಳಿಗಿ ಒಬ್ಬರಿಗೊಬ್ಬರು ಕೊಡಬಾರದಂತ ನೀನ ಹೇಳಿದ್ದ್ಯಲ್ಲಾ, ಅದಕ್ಕ ಇಸಗೊಂಡ ಇಟ್ಟೇನಿ. ಹುಳದ ಡಾಕ್ಟರಮ್ಮನ ಅಕ್ಕ ಅಂತ ಎಲ್ಲಾರೂ ನನ್ನ ಕಡೇನ ತಂದ ಕೊಡ್ತಾರ.”

“ಈ ನಾಕು? ಇವೂ ಓಣ್ಯಾಗಿನ ಮಂದೀವೇನು?”

“ಹಿಂದಿನ ಮನಿ ಮುದುಕಪ್ಪಂದು. ಅವಗೂ ಇದನ್ನ ಬರದಿದ್ರು. ಬೇಕಂದ್ರ ಕೇಳ ಹೋಗು.”

ನಾನು ಕೇಳಲು ಹೋಗಲಿಲ್ಲ. ಅವಳು ನನ್ನ ಕೈ ಹಿಡಿದು ಮಗ್ಗದ ಹತ್ತಿರ ಕರೆದುಕೊಂಡು ಹೋದಳು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದಿಂದ ಬಟ್ಟೆಯನ್ನು ಸ್ವಲ್ಪ ಬಿಚ್ಚಿ ಅಂಚು ತೋರಿಸಿದಳು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಎಳೆಗಳ ಗಂಟು. ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ. ನಮ್ಮ ಮನೆಯಲ್ಲಿ ಅವ್ವನ ಕಾಲದಿಂದಲೂ ಹೀಗೇ. ಹಾಲು ತಪ್ಪಿದ ದಿನ, ಗ್ಯಾಸ್ ಹಚ್ಚಿದ ದಿನ, ಹೊರಗಾದ ದಿನ, ಎಲ್ಲದಕ್ಕೂ ಮಗ್ಗದ ಮೇಲಿನ ಸೀರೆಯ ಅಂಚಿಗೆ ಒಂದೊಂದು ಎಳೆ. ಸೀರೆ ಮುಗಿದ ಮೇಲೆ ಎಳೆಗಳನ್ನು ಕಿತ್ತು ಕೊಡುತ್ತಾರೆ, ಕೊಂಡವರಿಗೆ ಗೊತ್ತೂ ಆಗುವುದಿಲ್ಲ.

“ಕೆಂಪು ಮುಂಜಾನಿಂದು, ಬಿಳಿ ಸಂಜೀದು. ನುಂಗಿ ನೀರ ಕುಡದು ಬಂದ ಮ್ಯಾಲೆನ ಕಟ್ಟೇನಿ. ಇದಕ್ಕಿಂತ ಮದಲಿನ ಸೀರಿ ಕೊಟ್ಟ ಬಿಟ್ಟೇವಿ, ಇಲ್ಲಂದ್ರ ಅದನ್ನೂ ತೋರಸ್ತಿದ್ನಿ.”

“ನಿನ್ನ ದಾರದ ಗಂಟ ತಗೊಂಡು ನಾ ಏನ್ ಮಾಡ್ಲಿ? ಗಂಟ ಹಾಕಾಕ ಗುಳಿಗಿ ನುಂಗಬೇಕಂತೇನಿಲ್ಲ. ನನ್ನ ತಟ್ಟಿ ಸುಳ್ಳ ಹೇಳೂದಿಲ್ಲಕ್ಕಾ. ನೀ ಹೇಳಾಕತ್ತಿ.”

ಆಗ ಅವಳು ಸುಮ್ಮನಾದಳು. ಬಟ್ಟೆಯನ್ನು ಮತ್ತೆ ಮರಕ್ಕೆ ಸುತ್ತಿದಳು. ಭಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಲಿತವಳು ನಾನು, ನನ್ನ ಮಾತೇ ಖರೆ ಎಂದು ಅವರು ನಂಬಿದರು. ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲವಂತೆ. ಓಣಿಗೆ ಸುದ್ದಿ ಹಬ್ಬಲು ಅಷ್ಟು ಹೊತ್ತೂ ಬೇಕಾಗಲಿಲ್ಲ.

ಮತ್ತೆ ಆರು ವಾರಕ್ಕೆ ಅದೇ ಗುಳಿಗೆ ಕೊಟ್ಟರು. ಈ ಸಲ ಭಾವ ಎದುರಿಗೆ ನಿಂತು ನುಂಗಿಸುತ್ತಿದ್ದರು. ಮೂರನೆಯ ವಾರದಲ್ಲೇ ಮೈ ನಡುಗಿ ಜ್ವರ ಬಂತು. ಬಾಗಲಕೋಟೆಗೆ ತಂದಾಗ ಕಾಲು ಮೊಳಕಾಲಿನವರೆಗೆ ಕೆಂಪಾಗಿ ಬಿಗಿದಿತ್ತು. ಪಟ್ಟಿ ಹೊರಗೆ ತೆಗೆದರು. ಅದರ ಕೆಳಗಿನ ಎಲುಬು ಸತ್ತಿತ್ತು. ಪರೀಕ್ಷೆಗೆಂದು ಒಂದು ಸ್ಕ್ರೂ ನಮ್ಮ ಲ್ಯಾಬಿಗೆ ಬಂತು.

ನೋಡಲು ಅದರ ಮೇಲೆ ಏನೂ ಇರಲಿಲ್ಲ. ಹೊಸದರಂತೆ ಹೊಳೆಯುತ್ತಿತ್ತು. ಕೈಗವಸು ಹಾಕಿದ್ದರೂ ಬೆರಳಿಗೆ ಒಂದಿಷ್ಟು ಲೋಳೆಯಂಥ ಜಾರಿಕೆ ತಿಳಿಯಿತು, ಅಷ್ಟೆ. ಮೂರು ಸಲ ತೊಳೆದು, ಸಕ್ಕರೆ ಬೆರೆಸಿದ ಕೆಂಪು ದ್ರಾವಣದ ನಳಿಕೆಯಲ್ಲಿ ಮುಳುಗಿಸಿಟ್ಟೆ. ಆ ದ್ರಾವಣದ ಗುಣವೆಂದರೆ, ಅದರಲ್ಲಿ ಜೀವ ಬೆಳೆದು ಹುಳಿ ಬಿಟ್ಟರೆ ಕೆಂಪು ಹೋಗಿ ಹಳದಿಯಾಗುತ್ತದೆ. ಮರುದಿನ ಕಾವುಪೆಟ್ಟಿಗೆಯ ಬಾಗಿಲು ತೆರೆದೆ. ಮೈಶಾಖದಷ್ಟೇ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು, ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ. ನಳಿಕೆಯ ಮೇಲರ್ಧ ಇನ್ನೂ ಕೆಂಪಗಿತ್ತು. ತಳದಲ್ಲಿ, ಸ್ಕ್ರೂವಿನ ತಿರುಪುಗಳ ಸುತ್ತ, ಹಳದಿ. ನಾನು ನೋಡುತ್ತ ಕೂತ ಒಂದು ತಾಸಿನಲ್ಲೇ ಅದು ಇನ್ನಷ್ಟು ಮೇಲೇರಿತು. ಹೆದರಿಕೆಯಾಯಿತು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವಳಿಗೆ ಒಂದು ನಳಿಕೆ ನೋಡಿ ಹೆದರಿಕೆ.

ಅದರಿಂದ ತೆಗೆದು ಮತ್ತೆ ತಟ್ಟೆಯಲ್ಲಿ ಬೆಳೆಸಿದೆ, ಬಿಲ್ಲೆ ಇಟ್ಟೆ. ಅದೇ ಬ್ಯಾಕ್ಟೀರಿಯಾ. ಅಕ್ಕ ನುಂಗಿದ ಆ ಔಷಧಿಯ ಸುತ್ತ ಅದೇ ಅಗಲದ ಸ್ವಚ್ಛ ವೃತ್ತ. ಮತ್ತೆ ‘ಎಸ್’. ಅಷ್ಟೂ ವಾರಗಳ ಔಷಧಿಯ ನಡುವೆ ಕೂತೇ ಇದ್ದದ್ದು, ತಟ್ಟೆಗೆ ಬಂದ ಕೂಡಲೇ ಸಾಯಲು ಸಿದ್ಧವಾಗಿತ್ತು.

ರಿಪೋರ್ಟುಗಳಿಗೆ ಸಹಿ ಹಾಕುವ ನಮ್ಮ ಮೇಡಂ ಧಾರವಾಡದ ಕಡೆಯವರು, ಮಾತು ಕಡಿಮೆ. ತಟ್ಟೆ, ನಳಿಕೆ ಎರಡನ್ನೂ ಅವರ ಮುಂದೆ ಇಟ್ಟು ನಿಂತೆ. ಅವರು ಕನ್ನಡಕ ತೆಗೆದರು.

“ನಿನ್ನ ತಟ್ಟ್ಯಾಗ ಹುಳೀನೂ ಇಲ್ಲ, ಕ್ಷಾರಾನೂ ಇಲ್ಲ, ಸಮ ಇರ್ತದ. ಹಂಗ ಇರಬೇಕಂತನ ಮಾಡಿರ್ತಾರ. ಉಕ್ಕಿನ ಮ್ಯಾಲೆ ಇವು ಲೋಳಿ ಹೊದ್ದು ಗುಂಪಾಗಿ ಕೂತಾಗ ಹಂಗಲ್ಲ. ತಾವು ಬಿಟ್ಟ ಹುಳೀನ ತಮ್ಮ ಸುತ್ತನ ಹಿಡಕೊಂಡಿರ್ತಾವ, ಅದು ಹರದು ಹೋಗೂದಿಲ್ಲ. ಆ ಹುಳ್ಯಾಗ ಈ ಔಷಧದ ಬಲ ಕುಗ್ಗತದ. ಮತ್ತ ಒಳಗಿನವು ಬೆಳಿಯೂದನ್ನೂ ನಿಲ್ಲಿಸಿರ್ತಾವ. ಬೆಳಿಯೂವನ್ನ ಕೊಲ್ಲೂ ಔಷಧ ಮಲಗಿದ್ದನ್ನ ಏನು ಮಾಡೀತು?”

“ಹಂಗಾದ್ರ... ಗುಳಿಗಿ ಬರೋಬರಿ ತಗೊಂಡಿದ್ರೂ ಹಿಂಗ ಆಗಬಹುದೇನ್ರಿ ಮೇಡಂ?”

“ಒಂದೂ ಬಿಡದ ತಗೊಂಡಿದ್ರೂ ಆಗಬಹುದು. ಯಾಕ?”

ಲೋಳೆಯ ಈ ಹೊದಿಕೆಗೆ ಬಯೋಫಿಲ್ಮ್ ಎನ್ನುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಗಿಟ್ಟಿಸಿದ್ದೆ. ಅಕ್ಕನ ಕಾಲ ಮುಂದೆ ನಿಂತಾಗ ಮಾತ್ರ ಅದು ನೆನಪಾಗಲಿಲ್ಲ. ಡಬ್ಬಿಯೊಳಗಿನ ನಾಲ್ಕು ಗುಳಿಗೆ ಕಂಡಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಗಲೇ ದವಾಖಾನೆಗೆ ನಡೆದೆ. ವಾರ್ಡಿನಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎಲುಬಿನ ಕೊಳೆತ ಮೇಲೇರುತ್ತಿದೆ, ಜೀವ ಉಳಿಯಬೇಕಾದರೆ ಮೊಳಕಾಲ ಕೆಳಗೆ ಕಾಲು ತೆಗೆಯಬೇಕು ಎಂದು ಅಷ್ಟರಲ್ಲೇ ಸರ್ಜನ್ ಹೇಳಿಹೋಗಿದ್ದರು. ನಾನು ಅವಳ ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಹುಳಿ, ಲೋಳೆ, ಮಲಗಿದ ಬ್ಯಾಕ್ಟೀರಿಯಾ, ಏನನ್ನೂ ಬಿಡಲಿಲ್ಲ. “ನೀ ಎಲ್ಲಾ ನುಂಗಿದ್ದಿ ಅಕ್ಕಾ. ನಾನ ತಪ್ಪ ಮಾಡಿದ್ನಿ” ಎಂದು ಅತ್ತೆ.

ಅವಳು ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

“ಈಗ ಹೇಳಾಕತ್ತಿ. ನಾ ನಿನ್ನೆ ಡಾಕ್ಟರ್ ಸಾಹೇಬ್ರ ಮುಂದ ನಾನ ಗುಳಿಗಿ ತಪ್ಪಸೇನಿ ಅಂತ ಹೇಳಿ ಬಿಟ್ಟೇನಿ.”

“ಯಾಕ? ಯಾಕ ಹಂಗ ಹೇಳ್ದಿ?”

“ಅವರು ಸಿಟ್ಟಾಗಿದ್ರು. ಗುಳಿಗಿ ನಾಟಿಲ್ಲಂದ್ರ ಈ ರಿಪೋರ್ಟನ ತಪ್ಪು, ಯಾವಾಕಿ ಮಾಡ್ಯಾಳ ಇದನ್ನ ಅಂತ ಕೇಳಾಕತ್ತಿದ್ರು. ನಿನ್ನ ನೌಕರಿಗೆ ಕುತ್ತ ಬರಬಾರದಲ್ಲಾ. ಅದಕ್ಕ ಅಂದೆ, ರಿಪೋರ್ಟ್ ಬರೋಬರಿ ಐತ್ರಿ, ಮದಲನೇ ಸರತಿ ನಾನ ಸರಿ ನುಂಗಲಿಲ್ಲ. ಅವರು ಬರಕೊಂಡ್ರು.”

ಹೋಗಿ ತಿದ್ದಿಸುತ್ತೇನೆ ಎಂದು ಎದ್ದೆ. ಅವಳು ಸೆರಗು ಹಿಡಿದು ಜಗ್ಗಿದಳು. “ತಿದ್ದಿಸಿದ್ರ ಕಾಲ ಉಳೀತತೇನು? ನಿನಗ ತಿಳಿಯಾಕ ಹದಿನೆಂಟ ವರ್ಷ ಹಿಡೀತು, ಮಂದಿಗೆ ಹೆಂಗ ತಿಳಸ್ತಿ? ಕುಂಡರು.” ನಾನು ಕೂತೆ. ಅದೇ ನನ್ನ ಎರಡನೆಯ ತಪ್ಪು, ಮೊದಲಿನದಕ್ಕಿಂತ ದೊಡ್ಡದು. ಮೊದಲಿನದನ್ನು ತಿಳಿಯದೆ ಮಾಡಿದ್ದೆ.

ಕಾಲು ಹೋಯಿತು. ಕೃತಕ ಕಾಲು ಹಾಕಿಸಿಕೊಂಡು ಅಕ್ಕ ಓಡಾಡುತ್ತಾಳೆ. ಕುಣಿಯಲ್ಲಿ ಇಳಿದು ಹಲಗೆ ತುಳಿಯಲಾಗದು. ಭಾವನ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಾಳೆ. ಓಣಿಯ ತಾಯಂದಿರು ಈಗ ಗುಳಿಗೆ ಅರ್ಧಕ್ಕೆ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅವರ ಕಣ್ಣೆದುರಿಗೇ ಅಕ್ಕ ಇದ್ದಾಳೆ. ಭಾವನಿಗೆ ನಿಜ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ತಂಗಿ ಅಕ್ಕನನ್ನು ಬಿಟ್ಟುಕೊಡುತ್ತಿಲ್ಲ ಎಂದುಕೊಂಡರೇನೋ. ಲ್ಯಾಬಿನಲ್ಲಿ ‘ಎಸ್’ ಬರೆಯುವಾಗೆಲ್ಲ ನನ್ನ ಕೈ ನಿಲ್ಲುತ್ತದೆ. ಯಾರದೋ ಮನೆಯಲ್ಲಿ ಯಾರೋ ಯಾರನ್ನೋ ಸುಳ್ಳುಗಾರರು ಎನ್ನುತ್ತಿರುವುದು ಕೇಳಿಸಿದಂತಾಗುತ್ತದೆ. ತುಳಸಿಗೇರಿಗೆ ಹೋಗಿ ಹನುಮಪ್ಪನ ಮುಂದೆ ತಪ್ಪೊಪ್ಪಿಕೊಂಡು ಬಂದೆ. ಅವನಿಗೆ ಹೇಳುವುದು ಸುಲಭ, ತಿರುಗಿ ಕೇಳುವುದಿಲ್ಲ.

ಮೊನ್ನೆ ಹುನಗುಂದದಲ್ಲಿ, ಒಂದು ಶಾಲೆಯ ಹಾಲ್‌ನಲ್ಲಿ ಆರೋಗ್ಯ ಶಿಬಿರವಿತ್ತು. ಗುಳಿಗೆಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಅಕ್ಕ ತಾನಾಗಿಯೇ ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಆಶಾ ಕಾರ್ಯಕರ್ತೆ ಅವಳನ್ನು ತೋರಿಸಿ, “ನೋಡ್ರಿ, ಈ ಅಕ್ಕಾರು ಗುಳಿಗಿ ಅರ್ಧಕ್ಕ ಬಿಟ್ರು, ಕಾಲ ಕಳಕೊಂಡ್ರು” ಎಂದು ಮೈಕು ನನ್ನ ಕೈಗೆ ಕೊಟ್ಟಳು. ಅಕ್ಕ ಹೌದೆಂದು ತಲೆಯಾಡಿಸಿದಳು. ನುಂಗಿದರೂ ಕೆಲವೊಮ್ಮೆ ನಾಟುವುದಿಲ್ಲ ಎಂದು ಹೇಳಿದರೆ ಜನ ನುಂಗುವುದನ್ನೇ ಬಿಟ್ಟಾರು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಪೂರ್ತಿ ನುಂಗಿ, ಹಂಚಿಕೊಳ್ಳಬೇಡಿ ಎಂದು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು.

ಜನ ಏಳುವಾಗ ಒಬ್ಬಾತ ತನ್ನ ಹೆಂಡತಿಯನ್ನು ಕರೆದುಕೊಂಡು ಮುಂದೆ ಬಂದ. ಕುಂಟುತ್ತಿದ್ದಳು. ಮೊಳಕಾಲಿಗೆ ಹೊಸ ಕೀಲು ಹಾಕಿಸಿ ವರ್ಷವಾಗಿದೆ, ಕೀವು ನಿಲ್ಲುತ್ತಿಲ್ಲ. ಆತ ಅಕ್ಕನನ್ನು ತೋರಿಸಿ, “ನೋಡ ಇಲ್ಲೆ. ಗುಳಿಗಿ ಕದ್ದ ಒಗದ್ರ ನಿಂದೂ ಇದ ಗತಿ” ಎಂದ.

“ನಾ ಒಗದಿಲ್ರಿ. ಎಲ್ಲಾ ನುಂಗೇನಿ” ಎಂದಳು ಆಕೆ, ಅವನಿಗಲ್ಲ, ನನಗೆ.

“ಸುಳ್ಳ ಹೇಳ್ತಾಳ್ರೀ ಮೇಡಂ. ರಿಪೋರ್ಟ್‌ನ್ಯಾಗ ಬರೋಬರಿ ಔಷಧ ಅಂತ ಬಂದೈತಿ.”

ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. “ಏ ತಮ್ಮಾ, ಆಕಿ ನುಂಗ್ಯಾಳ. ನಾನೂ ನುಂಗಿದ್ನಿ, ಒಂದೂ ಬಿಟ್ಟಿಲ್ಲ. ಬೇಕಂದ್ರ ಇಕೀನ ಕೇಳು” ಎಂದು ನನ್ನ ಕಡೆ ಬೆರಳು ಮಾಡಿದಳು.

ಹೊರಟಿದ್ದ ಆಶಾ ಕಾರ್ಯಕರ್ತೆ ನಿಂತಳು. ಬಾಗಿಲವರೆಗೆ ಹೋದವರು ತಿರುಗಿ ನೋಡಿದರು. ಹೌದು ಎಂದೆ. ಆತ “ಏನಂದ್ರಿ?” ಎಂದ.

“ನಮ್ಮಕ್ಕ ಒಂದ ಗುಳಿಗೀನೂ ತಪ್ಪಿಸಿಲ್ರಿ. ಸುಳ್ಳಗಾರ್ತಿ ಅಂದಾಕಿ ನಾನು. ಖರೆ ಗೊತ್ತಾದ ಮ್ಯಾಲೂ ಸುಮ್ನ ಇದ್ದಾಕಿ ನಾನು. ನಾಳೀನ ನಿಮ್ಮ ಸರ್ಜನ್ ಕಡೆ ಹೋಗ್ರಿ, ಇಕಿ ಎಲ್ಲಾ ನುಂಗ್ಯಾಳಂತ ಹೇಳ್ರಿ. ಒಳಗಿನ ಕೀಲ ನೋಡಬೇಕಾಗ್ತತಿ.”

ಆತ ತಲೆ ತಗ್ಗಿಸಿದ. ಅವನ ಹೆಂಡತಿ ನನ್ನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಅಕ್ಕನ ಸೀರೆಯ ಕೆಳಗೆ ಕಾಣುತ್ತಿದ್ದ ಪ್ಲಾಸ್ಟಿಕ್ ಪಾದವನ್ನೇ ನೋಡುತ್ತಿದ್ದಳು.

“ಹಂಗಾರ, ನುಂಗಿದ್ರೂ...” ಎಂದಳು. ಅಕ್ಕ ಅವಳ ಕೈ ಹಿಡಿದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.